ಅರ್ಥ್ ಆಗದ ಅಂಬಾಸಿಡರ್

ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರ ಮನೆಯ ಕಾರು ವಿದ್ಯುತ್ತಿನ ತೊಂದರೆಯಿಂದಲೇ ಮೂಲೆ ಸೇರಿತೆಂದರೆ ನೆಂಟರಿಷ್ಟರಿಗೆ ನಗು ಬರದೇ ಇದ್ದೀತೇ? ಮೈಸೂರಿನ ಕುವೆಂಪುನಗರದ ಹಿರಿಯರೊಬ್ಬರಿಗೆ ಹೀಗೇ ಆಯಿತು. ಕಾರು 1977ರ ಮಾರ್ಕ್ 3 ಅಂಬಾಸಿಡರ್. ಅವರ ಅಣ್ಣ ಆಸೆಪಟ್ಟು ಕೊಂಡದ್ದು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ‘ನೀನೇ ಇಟ್ಟುಕೊಳ್ಳಪ್ಪ, ಮಾರಬೇಡ’ ಎಂದು ಕೀಲಿಕೈ ಕೊಟ್ಟಿದ್ದರು.

ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತುಹೋಯಿತು. ಅಲ್ಲಿಂದೀಚೆಗೆ ಮೂಲೆಗೆ ಬಿದ್ದಿದ್ದ ಹಳೆಯ ಅಂಬಾಸಿಡರುಗಳಿಗೆಲ್ಲ ಒಂದು ಬಗೆಯ ಗೌರವ ಬಂದಿದೆ. ಅದೇ ಹುಮ್ಮಸ್ಸಿನಲ್ಲಿ ಇವರೂ ಕಾರನ್ನು ಟಿಂಕರಿಂಗಿಗೆ ಬಿಟ್ಟರು. ಎಂಜಿನ್ ಇಳಿಸಿ, ಬಾನೆಟ್ಟಿನ ಒಳಭಾಗವನ್ನೂ ಬಿಡದೆ ಬಣ್ಣ ಹೊಡೆಸಿದರು. ಕಾರು ಮದುಮಗನ ಹಾಗೆ ಮನೆಗೆ ಬಂತು. ಆದರೆ ಸೆಲ್ಫ್ ಹೊಡೆದರೆ ಜ್ವರ ಬಂದವರಂತೆ ನರಳಿ ಸುಮ್ಮನಾಗುತ್ತಿತ್ತು.

ಬ್ಯಾಟರಿ ಹೋಗಿದೆ ಎಂದರು. ಹೊಸ ಬ್ಯಾಟರಿ ಬಂತು. ಸೆಲ್ಫ್ ಮೋಟಾರ್ ಹೋಗಿದೆ ಎಂದರು. ಅದನ್ನೂ ಬಿಚ್ಚಿ ಕಾರ್ಬನ್ ಬ್ರಷ್ ಬದಲಾಯಿಸಿದ್ದಾಯಿತು. ನರಳಾಟ ನಿಲ್ಲಲಿಲ್ಲ. ವಿಚಿತ್ರವೆಂದರೆ, ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಎರಡನೇ ಸುತ್ತಿಗೇ ಎಂಜಿನ್ ಹತ್ತಿಕೊಳ್ಳುತ್ತಿತ್ತು. ಆದರೆ ಎಪ್ಪತ್ತು ದಾಟಿದವರು ದಿನಾ ಹ್ಯಾಂಡಲ್ ತಿರುಗಿಸುವುದುಂಟೇ? ಬೆಂಗಳೂರಿನಿಂದ ಬಂದ ಮಗ ‘ಅಪ್ಪಾ, ನಿಮ್ಮ ಸೊಂಟಕ್ಕಿಂತ ಈ ಕಾರು ದೊಡ್ಡದಲ್ಲ, ಗುಜರಿಯವನಿಗೆ ಕೊಟ್ಟುಬಿಡಿ’ ಎಂದ. ಗುಜರಿಯವನೂ ಬಂದು, ಕಾರಿಗೊಂದು ಸುತ್ತು ಹಾಕಿ ಬೆಲೆ ಹೇಳಿ ಹೋದ. ಅತ್ತಿಗೆಗೆ ಹೇಗೆ ಹೇಳುವುದು ಎಂಬುದಷ್ಟೇ ಉಳಿದಿತ್ತು.

ಆ ಭಾನುವಾರ ಕೊನೆಯ ಪ್ರಯತ್ನವೆಂಬಂತೆ ಒಂದೇ ಸಮನೆ ಸೆಲ್ಫ್ ಹೊಡೆಯುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳು, ಚೋಕ್ ಎಳೆಯುವ ಕೆಲಸ ಅವಳದು. ಇದ್ದಕ್ಕಿದ್ದಂತೆ ‘ತಾತ, ಇದು ಸುಡ್ತಿದೆ’ ಎಂದು ಕೈ ಹಿಂದಕ್ಕೆಳೆದುಕೊಂಡಳು. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಸಣ್ಣಗೆ ಹೊಗೆ. ಮಗುವನ್ನು ಎತ್ತಿ ಹೊರಗೆ ನಿಲ್ಲಿಸಿ, ಬ್ಯಾಟರಿ ವೈರನ್ನು ಕಿತ್ತೆಸೆಯುವ ಹೊತ್ತಿಗೆ ಅವರ ಕೈ ನಡುಗುತ್ತಿತ್ತು.

ಚೋಕ್ ಕೇಬಲ್ಲಿಗೂ ವಿದ್ಯುತ್ತಿಗೂ ಏನು ನೆಂಟು? ಮನೆಯ ದೀಪಕ್ಕೆ ಎರಡು ತಂತಿ ಬೇಕು. ಕಾರಿನ ದೀಪಕ್ಕೆ ಒಂದೇ ಸಾಕು. ಹೋದ ಕರೆಂಟು ಬ್ಯಾಟರಿಗೆ ಹಿಂತಿರುಗುವುದು ಕಾರಿನ ಕಬ್ಬಿಣದ ಮೈಯ ಮೂಲಕ. ತಾಮ್ರದ ಖರ್ಚು ಉಳಿಸುವ ಈ ಜಾಣ ಏರ್ಪಾಟಿಗೇ ಮೆಕ್ಯಾನಿಕ್ಕುಗಳು ಅರ್ಥ್ ಎನ್ನುವುದು. ಉಪ್ಪು, ಇದ್ದಿಲು ಹಾಕಿ ನೆಲದಲ್ಲಿ ಹೂಳುವ ಅರ್ಥಿಂಗಿಗೂ ಇದಕ್ಕೂ ಸಂಬಂಧವಿಲ್ಲ. ಕಾರು ನಿಂತಿರುವುದೇ ರಬ್ಬರ್ ಚಕ್ರದ ಮೇಲಲ್ಲವೇ? ಈ ಹಿರಿಯರು ಮೂವತ್ತು ವರ್ಷ ಹೂಳಿಸಿದ್ದು ಆ ಅರ್ಥಿಂಗನ್ನು. (ಐವತ್ತರ ದಶಕದ ಇಂಗ್ಲಿಷ್ ಕಾರುಗಳಲ್ಲಿ ಮೈಗೆ ಕಟ್ಟುತ್ತಿದ್ದುದು ಬ್ಯಾಟರಿಯ ಪಾಸಿಟಿವ್ ತುದಿ. ಮೋರಿಸ್ ಮೈನರ್ ಇಟ್ಟುಕೊಂಡವರು ಇಂದಿನ ರೇಡಿಯೊ ಜೋಡಿಸಿ ಸುಟ್ಟುಕೊಳ್ಳುವುದು ಇದರಿಂದಲೇ.)

ತೊಡಕಿರುವುದು ಎಂಜಿನ್ನಿನಲ್ಲಿ. ಅದರ ಅದುರು ಮೈಗೆ ತಟ್ಟದಿರಲೆಂದು ಅದನ್ನು ಕೂರಿಸುವುದು ರಬ್ಬರ್ ದಿಂಬುಗಳ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯದು. ಹಾಗಾಗಿ ಎಂಜಿನ್ನಿನಿಂದ ಮೈಗೆ ಜಡೆಯಂತೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಅದು ಕೈಕೊಟ್ಟರೆ ಕರೆಂಟು ಸುಮ್ಮನೆ ಕೂರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿಗೂ ಮೈಗೂ ನಡುವೆ ಇರುವ ಲೋಹವೆಂದರೆ ಚೋಕಿನ ತಂತಿಯಂಥವೇ. ಸೆಲ್ಫ್ ಎಳೆಯುವುದು ನೂರು, ನೂರೈವತ್ತು ಆಂಪಿಯರ್. ಬಡಪಾಯಿ ತಂತಿ ಕಾಯದೆ ಇನ್ನೇನು ಮಾಡೀತು? ಹ್ಯಾಂಡಲ್ ಹಾಕಿದಾಗ ಬೇಕಾದದ್ದು ಕಿಡಿ ಹಾರಿಸುವ ನಾಲ್ಕಾರು ಆಂಪಿಯರ್ ಮಾತ್ರ. ಅಷ್ಟಕ್ಕೆ ಆ ದಾರಿ ಸಾಕಾಗುತ್ತಿತ್ತು.

ಮರುದಿನ ಬನ್ನಿಮಂಟಪದ ಕಡೆಯಿಂದ ವಯಸ್ಸಾದ ಎಲೆಕ್ಟ್ರಿಕ್ ಮೇಸ್ತ್ರಿ ಬಂದರು. ಬಾನೆಟ್ ಎತ್ತುವ ಮೊದಲೇ ಅವರು ಕೇಳಿದ್ದು ಒಂದೇ: ‘ಬಣ್ಣ ಯಾವಾಗ ಹೊಡ್ಸಿದ್ರಿ ಸಾರ್?’

ತಾಮ್ರದ ಪಟ್ಟಿ ಅಲ್ಲೇ ಇತ್ತು. ಬೋಲ್ಟೂ ಬಿಗಿಯಾಗಿತ್ತು. ನೋಡಿದವರು ಯಾರೂ ತಪ್ಪು ಹೇಳುವಂತಿರಲಿಲ್ಲ. ಆದರೆ ಪಟ್ಟಿಯ ಕೆಳಗೆ ಪ್ರೈಮರ್, ಅದರ ಮೇಲೆ ಎರಡು ಕೋಟು ಬಣ್ಣ! ಇಂಥ ಕಡೆ 0.02 ಓಮ್‌ನಷ್ಟು ಅಡ್ಡಿ ಇದ್ದರೂ 150 ಆಂಪಿಯರಿಗೆ 3 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಹಿರಿಯರ ಹಳೆಯ ಮೀಟರು ಹೊರಬಂತು. ಒಂದು ಕಡ್ಡಿ ಬ್ಯಾಟರಿಯ ಅರ್ಥ್ ತುದಿಗೆ, ಇನ್ನೊಂದು ಎಂಜಿನ್ನಿನ ಕಬ್ಬಿಣಕ್ಕೆ. ಸೆಲ್ಫ್ ಹೊಡೆದ ಕ್ಷಣ ಮುಳ್ಳು 4 ವೋಲ್ಟ್ ತೋರಿಸಿತು. ಅರ್ಧ ವೋಲ್ಟೂ ಮೀರಬಾರದ ಜಾಗ ಅದು.

‘ಎಂಜಿನ್ನಿಗೆ ಅರ್ಥ್ ಆಗಿಲ್ಲ ಸಾರ್’ ಎಂದರು ಮೇಸ್ತ್ರಿ. ಕಾಫಿ ತಂದ ಮನೆಯಾಕೆ ‘ಎಂಜಿನ್ನಿಗೆ ಏನು ಅರ್ಥ ಆಗಿಲ್ವಂತ್ರೀ?’ ಎಂದು ಕೇಳಿದರು. ಮೇಸ್ತ್ರಿ ನಕ್ಕು ಲೋಟ ತೆಗೆದುಕೊಂಡರು, ಹಿರಿಯರು ನಗಲಿಲ್ಲ.

ಉಳಿದದ್ದು ಅರ್ಧ ಗಂಟೆಯ ಕೆಲಸ. ಬ್ಯಾಟರಿ ವೈರು ಬಿಚ್ಚಿಟ್ಟು, ಎರಡಾಣೆಯಗಲ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಹೊಳೆಯುವ ತಗಡು ಕಾಣಿಸಿದರು. ಹೊಸ ಬಣ್ಣವನ್ನು ಕೆರೆಯುವುದು ನೋಡಿ ಹಿರಿಯರಿಗೆ ಕರುಳು ಚುರ್ ಎಂದಿರಬೇಕು. ಪಟ್ಟಿ ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಹೊರಗೆ ವ್ಯಾಸಲೀನ್ ಸವರಿದ್ದಾಯಿತು. ಸುಟ್ಟಿದ್ದ ಚೋಕ್ ಕೇಬಲ್ ಬದಲಾಯಿತು. ಸೆಲ್ಫ್ ಹೊಡೆದಾಗ ಮೀಟರಿನ ಮುಳ್ಳು ಕಾಲು ವೋಲ್ಟನ್ನೂ ಮುಟ್ಟಲಿಲ್ಲ. ಎಂಜಿನ್ ಗರ್ ಎಂದು ಎದ್ದಿತು.

ಗುಜರಿಯವನಿಗೆ ಫೋನು ಮಾಡಿ ಬೇಡವೆಂದರು. ಆ ಸಂಜೆಯೇ ಅತ್ತಿಗೆಯನ್ನು ಕೂರಿಸಿಕೊಂಡು ಚಾಮುಂಡಿಬೆಟ್ಟಕ್ಕೆ ಹೋಗಿ ಬಂದರಂತೆ. ಪೆಟ್ರೋಲ್ ಮುಳ್ಳು ಮಾತ್ರ ಇನ್ನೂ ಮನಬಂದಂತೆ ಆಡುತ್ತಿದೆ. ಟ್ಯಾಂಕಿನ ಹತ್ತಿರವೂ ಬಣ್ಣ ಕೆರೆಯಬೇಕಾದೀತು, ಮುಂದಿನ ವಾರ ಬರುತ್ತೇನೆ ಎಂದು ಮೇಸ್ತ್ರಿ ಹೇಳಿದ್ದಾರೆ.