ಅಮ್ಮನ ಸ್ಲೇಟು

ನನ್ನ ತಮ್ಮನಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗ; ನನಗೆ ಪಂಪ, ರನ್ನರನ್ನು ಪಾಠ ಹೇಳುವ ಉದ್ಯೋಗ. ನಮ್ಮಿಬ್ಬರ ನಡುವೆ ಮಾತಿಗೆ ವಿಷಯ ದೊರೆಯುವುದೇ ಅಪರೂಪ. ಹೋದ ತಿಂಗಳು ಭದ್ರಾವತಿಯ ನ್ಯೂ ಟೌನಿಗೆ ಬಂದವನು ಊಟದ ಎಲೆಯ ಮುಂದೆಯೂ ಚಿಂತಾಮಗ್ನನಾಗಿದ್ದ.

"ಏನಪ್ಪಾ?" ಎಂದೆ.

"ಅಣ್ಣಾ, ಗಿರಾಕಿಯ ಆರ್ಡರು ಬರೆದುಕೊಳ್ಳುವ ತಂತ್ರಾಂಶ ಒಂದು, ಹಣ ಪಡೆಯುವುದು ಇನ್ನೊಂದು, ಸರಕು ಕಳಿಸುವುದು ಮತ್ತೊಂದು. ಇವು ಪರಸ್ಪರ ಹೇಗೆ ಮಾತನಾಡಬೇಕೆಂದು ನಾಳೆ ನಾನು ಹೇಳಬೇಕು. ರೆಸ್ಟ್ ಎಂಬುದೊಂದು ಕ್ರಮ. 2015ರಲ್ಲಿ ಗೂಗಲ್ ಹೊರತಂದ ಜಿಆರ್‌ಪಿಸಿ ಇನ್ನೊಂದು. ಮೊದಲನೆಯದರ ಮಾತನ್ನು ಸಾಮಾನ್ಯವಾಗಿ ಮನುಷ್ಯನೂ ಓದಬಹುದು. ಎರಡನೆಯದು ಅಡಕವಾದ ಸಂಕೇತ, ಬೇಗ ಸಾಗುತ್ತದೆ. ಎರಡರಲ್ಲಿಯೂ ಕೇಳಿದವನು ಬಹುಮಟ್ಟಿಗೆ ಉತ್ತರಕ್ಕೆ ಕಾಯಬೇಕು. ಮೂರನೆಯದು, ಸಂದೇಶವನ್ನು ಸರತಿಯಲ್ಲಿ ಇಟ್ಟು ತನ್ನ ದಾರಿ ಹಿಡಿಯುವ ಕ್ರಮ."

ನನಗೆ ನಗು ಬಂದಿತು. "ಅಮ್ಮನ ಸ್ಲೇಟು ಮರೆತೆಯಾ?" ಎಂದೆ.

ನಮ್ಮ ತಂದೆಯವರು 1923ರಲ್ಲಿ ಉತ್ಪಾದನೆ ಆರಂಭಿಸಿದ ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿಯ ಕೆಲಸದಲ್ಲಿದ್ದರು. ರಾತ್ರಿಪಾಳಿ ಮುಗಿಸಿ ಅವರು ಬರುವ ಹೊತ್ತಿಗೆ ಅಮ್ಮ ತನ್ನ ಶಾಲೆಗೆ ಹೊರಟಿರುತ್ತಿದ್ದಳು. ಹೇಳಬೇಕಾದುದೆಲ್ಲ ಅಡಿಗೆಮನೆಯ ಸ್ಲೇಟಿನ ಮೇಲೆ. ಕೆಲಸವಾದ ಮೇಲೆಯೇ ಸಾಲನ್ನು ಒರಸಬೇಕು. ಒಮ್ಮೆ ತಂದೆಯವರು ಅಂಗಡಿಯ ಬಾಕಿ ತೀರಿಸಿ, ಒರಸುವುದನ್ನು ಮರೆತು ಮಲಗಿದರು. ಸಂಜೆ ಅಮ್ಮ ಮತ್ತೊಮ್ಮೆ ತೀರಿಸಿದಳು! ತಿಂಗಳ ಕೊನೆ, ಮನೆಯಲ್ಲಿ ಎರಡು ದಿನ ಮೌನ. ಅಂದಿನಿಂದ ಪ್ರತಿ ಬಾಕಿಗೂ ಒಂದು ಅಂಕೆ. ಅದೇ ಅಂಕೆ ಅಂಗಡಿಯವರ ಪುಸ್ತಕದಲ್ಲಿಯೂ. ಎರಡನೆಯ ಸಲ ಹೋದರೆ ಅವರೇ ಹಣ ಹಿಂದಿರುಗಿಸುತ್ತಿದ್ದರು.

"ಆದರೆ ನೀನು ಜ್ವರದಿಂದ ಎಚ್ಚರದಪ್ಪಿದ ರಾತ್ರಿ ಅಮ್ಮ ಸ್ಲೇಟು ಹಿಡಿಯಲಿಲ್ಲ. ನಿನ್ನನ್ನು ಹೆಗಲಿಗೆ ಹಾಕಿಕೊಂಡು ಕಾರ್ಖಾನೆಯ ಗೇಟಿಗೆ ಓಡಿದಳು. ತಂದೆಯವರು ಹೊರಬರುವ ತನಕ ಅಲ್ಲಿಂದ ಕದಲಲಿಲ್ಲ."

ತಮ್ಮ ಕೈತುತ್ತನ್ನು ಹಾಗೆಯೇ ಹಿಡಿದು ಯೋಚಿಸಿದ. "ಸರಿ. ಹಣ ಸಂದಿತೇ ಎಂದು ಗಿರಾಕಿ ಕಾದಿರುವಾಗ ನೇರವಾಗಿ ಕೇಳಿ, ಕಾಯುವುದು. ರಸೀದಿ, ರವಾನೆಗಳು ಸರತಿಗೆ. ಎಲ್ಲಕ್ಕೂ ಒಂದೊಂದು ಅಂಕೆ."

ಹುಳಿ ಬಡಿಸಲು ಬಂದ ಅಮ್ಮ ಕೇಳಿದಳು: "ಕೆಲಸದ ಮಾತು ತೀರ್ಮಾನವಾಯಿತಲ್ಲ. 'ಊಟವಾಯಿತೇ ಅಮ್ಮ' ಎಂದು ದಿನವೂ ಮೆಸೇಜು ಇಟ್ಟುಹೋಗುತ್ತೀಯಲ್ಲಪ್ಪ, ನನ್ನ ಉತ್ತರಕ್ಕೆ ಕಾಯುವುದು ಯಾವಾಗ?"

ತಮ್ಮ ತಲೆ ತಗ್ಗಿಸಿದ. ಉತ್ತರ ಹೇಳಲಿಲ್ಲ.

ಈಗ ರಾತ್ರಿ ಒಂಬತ್ತಾದರೆ ಅಮ್ಮನ ಫೋನು ಬಡಿದುಕೊಳ್ಳುತ್ತದೆ.