ಧನುಷ್ಕೋಡಿಯಲ್ಲಿ ಬಾರದ ಸಿಗ್ನಲ್

ಅಮ್ಮನಿಗೆ ರಾಮೇಶ್ವರ ನೋಡುವ ಆಸೆ ಬಹಳ ವರ್ಷಗಳದು. ನಾವು ಚೆನ್ನೈಗೆ ಬಂದು ಹನ್ನೊಂದು ವರ್ಷವಾದರೂ ನನಗೆ ಪುರುಸೊತ್ತು ಸಿಕ್ಕಿರಲಿಲ್ಲ. ಹಣ ಪಾವತಿಯ ಸಾಫ್ಟ್‌ವೇರ್ ನಡೆಸುವ ಕೆಲಸವೇ ಹಾಗೆ, ರಾತ್ರಿ ಎರಡಕ್ಕೆ ಫೋನ್ ಬಂದರೂ ಎದ್ದು ಕೂರಬೇಕು. ಕೊನೆಗೂ 2025ರ ಏಪ್ರಿಲ್‌ನಲ್ಲಿ ಹೊಸ ಪಾಂಬನ್ ರೈಲು ಸೇತುವೆ ಉದ್ಘಾಟನೆಯಾದ ಕೆಲವೇ ವಾರಗಳಲ್ಲಿ, ಎಗ್ಮೋರ್‌ನಿಂದ ರಾತ್ರಿಯ ರೈಲು ಹತ್ತಿದೆವು.

ಬೆಳಗಿನ ಮಬ್ಬಿನಲ್ಲಿ ರೈಲು ನಿಧಾನವಾಗಿ ಸಮುದ್ರದ ಮೇಲೆ ಸಾಗಿತು. ಪಕ್ಕದಲ್ಲೇ 1914ರ ಹಳೆಯ ಸೇತುವೆ, ಇನ್ನೊಂದು ಬದಿಗೆ 1988ರಲ್ಲಿ ಆದ ರಸ್ತೆ ಸೇತುವೆ. "ಒಂದೇ ಊರಿಗೆ ಎಷ್ಟು ಸೇತುವೆ ಮಾರಾಯ!" ಎಂದರು ಅಮ್ಮ. ನನಗೋ, ಇಷ್ಟಿದ್ದರೂ ಸಾಲದು ಅನ್ನಿಸಿತು. ಅದು ವೃತ್ತಿಯ ರೋಗ.

ದೇವರ ದರ್ಶನ, ಇಪ್ಪತ್ತೆರಡು ತೀರ್ಥಗಳ ಸ್ನಾನ ಎಲ್ಲ ಮುಗಿಸಿ ಮಧ್ಯಾಹ್ನ ಧನುಷ್ಕೋಡಿಗೆ ಹೊರಟೆವು. ಎರಡೂ ಕಡೆ ನೀರು, ನಡುವೆ ಮರಳಿನ ನಾಲಗೆಯಂಥ ನೆಲ. ಒಂದು ಕಾಲಕ್ಕೆ ಮದ್ರಾಸಿನಿಂದ ಬೋಟ್ ಮೇಲ್ ಇಲ್ಲಿಯವರೆಗೆ ಬರುತ್ತಿತ್ತು. ಜನ ಇಳಿದು ಹಡಗು ಹತ್ತಿ ಸಿಲೋನಿಗೆ ಹೋಗುತ್ತಿದ್ದರು. ಈಗ ಉಳಿದಿರುವುದು ಚರ್ಚಿನ ಮೊಂಡು ಗೋಡೆ, ರೈಲು ನಿಲ್ದಾಣದ ಅವಶೇಷ, ಶಂಖ ಮಾರುವವರ ಗುಡಿಸಲು.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಅಪ್ಪಳಿಸಿತು. ಪಾಂಬನ್‌ನಿಂದ ಹೊರಟಿದ್ದ ಪ್ಯಾಸೆಂಜರ್ ರೈಲು ಧನುಷ್ಕೋಡಿಗೆ ತುಸು ದೂರದಲ್ಲಿ ನಿಂತಿತು. ಸಿಗ್ನಲ್ ಸಿಕ್ಕಿರಲಿಲ್ಲ. ಚಾಲಕ ಕಾದರು, ಆಮೇಲೆ ಸಿಳ್ಳೆ ಹಾಕುತ್ತ ಮುಂದೆ ನಡೆಸಿದರು ಎಂದು ಹೇಳುತ್ತಾರೆ. ಅಲೆ ಬಂದು ಇಡೀ ರೈಲನ್ನು ಸೆಳೆದುಕೊಂಡಿತು. ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಅಲ್ಲಿ ನಿಂತು ಆ ಚಾಲಕರನ್ನು ದೂರಲು ನನಗೆ ಬಾಯಿ ಬರಲಿಲ್ಲ. ಅಂಥದೇ ತೀರ್ಮಾನ ನಾನೂ ಒಮ್ಮೆ ಮಾಡಿದ್ದೆ. ಪ್ರಾಣ ಹೋಗಲಿಲ್ಲ ಅಷ್ಟೆ.

ಕೆಲವು ವರ್ಷಗಳ ಹಿಂದೆ ನಮ್ಮ ವ್ಯವಸ್ಥೆ ಚೆನ್ನೈ ಮತ್ತು ಹೈದರಾಬಾದಿನ ಎರಡು ಡೇಟಾ ಸೆಂಟರ್‌ಗಳಲ್ಲಿ ನಡೆಯುತ್ತಿತ್ತು. ಚೆನ್ನೈ ಯಜಮಾನ, ಹೈದರಾಬಾದ್ ಮೀಸಲು. "ಬದುಕಿದ್ದೇನೆ" ಎಂದು ಚೆನ್ನೈ ಕೆಲವು ಸೆಕೆಂಡಿಗೊಮ್ಮೆ ಸಂದೇಶ ಕಳಿಸಬೇಕು. ಒಂದು ಮಳೆಯ ರಾತ್ರಿ ಸಂದೇಶ ನಿಂತುಹೋಯಿತು. ಡ್ಯೂಟಿಯಲ್ಲಿದ್ದವನು ನಾನು. ಚೆನ್ನೈ ಸತ್ತಿದೆ ಎಂದುಕೊಂಡು ಹೈದರಾಬಾದಿಗೆ ಯಜಮಾನಿಕೆ ಕೊಟ್ಟೆ. ಚೆನ್ನೈ ಸತ್ತಿರಲಿಲ್ಲ, ಎರಡೂ ಊರುಗಳ ನಡುವಿನ ಕೊಂಡಿ ಮಾತ್ರ ಕಡಿದಿತ್ತು. ಇಪ್ಪತ್ತು ನಿಮಿಷ ಒಂದೇ ಮನೆಗೆ ಇಬ್ಬರು ಯಜಮಾನರು, ಇಬ್ಬರೂ ಬೇರೆ ಬೇರೆ ಲೆಕ್ಕ ಬರೆದರು. ಚೆನ್ನೈಯಲ್ಲಿ ಪಾವತಿಯಾದರೂ ಉತ್ತರ ಕಾಣದೆ ಮತ್ತೆ ಒತ್ತಿದವರ ಹಣ ಹೈದರಾಬಾದಿನಲ್ಲಿ ಇನ್ನೊಮ್ಮೆ ಹೋಯಿತು. ಆಸ್ಪತ್ರೆ ಬಿಲ್ಲು ಎರಡು ಸಲ ಕಡಿತವಾಗಿ ಬಾಡಿಗೆಗೆ ದುಡ್ಡಿಲ್ಲದ ಒಬ್ಬರ ದೂರು ಇನ್ನೂ ನೆನಪಿದೆ. ಲೆಕ್ಕ ಸರಿಮಾಡಿ ಎಲ್ಲರ ಹಣ ಹಿಂದಿರುಗಿಸಲು ನಾಲ್ಕು ದಿನ ಬೇಕಾಯಿತು.

ಹಲವು ಊರುಗಳಲ್ಲಿ ಹಂಚಿಕೊಂಡ ಯಂತ್ರಗಳ ಮೂಲ ಸಂಕಟವೇ ಇದು. ಆ ಕಡೆಯವರು ಸತ್ತಿದ್ದಾರೋ, ನಿಧಾನವಾಗಿದ್ದಾರೋ, ದಾರಿ ಕಡಿದಿದೆಯೋ, ಈ ಕಡೆಯವರಿಗೆ ಎಲ್ಲವೂ ಒಂದೇ ಮೌನ. ಸಂದೇಶ ತಲುಪಲು ಇಂತಿಷ್ಟೇ ಸಮಯ ಎಂಬ ಮಿತಿ ಇಲ್ಲದ ಕಡೆ, ಒಂದೇ ಒಂದು ಯಂತ್ರ ಕೆಡಬಹುದಾದರೂ ಒಮ್ಮತ ಬಂದೇ ಬರುತ್ತದೆ ಎಂಬ ಖಾತ್ರಿ ಯಾವ ನಿಶ್ಚಿತ ವಿಧಾನದಿಂದಲೂ ಸಾಧ್ಯವಿಲ್ಲ ಎಂದು ಫಿಷರ್, ಲಿಂಚ್, ಪ್ಯಾಟರ್‌ಸನ್ 1985ರಲ್ಲೇ ಸಾಧಿಸಿ ತೋರಿಸಿದ್ದರು. ಎಂ.ಟೆಕ್‌ನಲ್ಲಿ ಅದನ್ನು ಓದಿ ಅಂಕವನ್ನೂ ತೆಗೆದುಕೊಂಡಿದ್ದೆ. ಅರ್ಥವಾದದ್ದು ಆ ರಾತ್ರಿ.

ಆಮೇಲೆ ಮುಂಬಯಿಯಲ್ಲಿ ಮೂರನೆಯ ಕೇಂದ್ರ ಸೇರಿಸಿದೆವು. ಈಗ ಮೂವರಲ್ಲಿ ಇಬ್ಬರು ಒಪ್ಪಿದರೆ ಮಾತ್ರ ಯಜಮಾನಿಕೆ, ಲೆಕ್ಕ ಬರೆಯುವುದಕ್ಕೂ ಅದೇ ನಿಯಮ. ಒಂಟಿಯಾದವನು ಬದುಕಿದ್ದರೂ ಕೈಕಟ್ಟಿ ಕೂರಬೇಕು. ಪ್ರತಿ ಪಾವತಿಗೂ ಒಂದು ಸಂಖ್ಯೆ ಕೊಟ್ಟೆವು. ಅದೇ ಸಂಖ್ಯೆ ಮತ್ತೆ ಬಂದರೆ "ಇದು ಆಗಲೇ ಆಗಿದೆ" ಎಂದು ವ್ಯವಸ್ಥೆ ಗುರುತಿಸುತ್ತದೆ. ಇದರಿಂದ ಕೆಲವೊಮ್ಮೆ ಸೇವೆ ನಿಲ್ಲುತ್ತದೆ, ಬೈಗುಳವೂ ಬರುತ್ತದೆ. ಆದರೆ ಸುಳ್ಳು ಲೆಕ್ಕ ಬರೆಯುವುದಿಲ್ಲ.

ವಾಪಸಾಗುವಾಗ ಪಾಂಬನ್ ರಸ್ತೆ ಸೇತುವೆಯ ಮೇಲೆ ಇಳಿದು ಹಳೆಯ ಸೇತುವೆಯನ್ನು ಮತ್ತೆ ನೋಡಿದೆ. ಅದೇ ಚಂಡಮಾರುತ ಅದರ ಉಕ್ಕಿನ ತೊಲೆಗಳಲ್ಲಿ ಬಹುಪಾಲನ್ನು ಕಿತ್ತೊಗೆದಿತ್ತು. ಕಂಬಗಳು ಉಳಿದವು. ಮುಂದೆ ಕೊಂಕಣ ರೈಲ್ವೆ, ದೆಹಲಿ ಮೆಟ್ರೋ ಕಟ್ಟಿದ ಇ. ಶ್ರೀಧರನ್ ಆಗ ಯುವ ಎಂಜಿನಿಯರ್. ಸಮುದ್ರದಡಿ ಬಿದ್ದಿದ್ದ ತೊಲೆಗಳನ್ನೇ ಎತ್ತಿಸಿ 46 ದಿನಗಳಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿದರು. ಬೀಳದಂತೆ ಕಟ್ಟುವುದು ಎಲ್ಲ ಕಾಲಕ್ಕೂ ನಮ್ಮ ಕೈಲಿಲ್ಲ. ಬಿದ್ದ ಮೇಲೆ ಏನು ಉಳಿದಿರಬೇಕು ಎಂಬುದನ್ನು ಮಾತ್ರ ಮೊದಲೇ ಯೋಚಿಸಬಹುದು.

ಅಮ್ಮ ಕರವಸ್ತ್ರದಲ್ಲಿ ಸೇತುವಿನ ಮರಳು ಕಟ್ಟಿಕೊಂಡಿದ್ದರು. "ಇದನ್ನು ಪ್ರಯಾಗದಲ್ಲಿ ಬಿಡಬೇಕು, ಅಲ್ಲಿಂದ ಗಂಗೆ ತಂದು ಇಲ್ಲಿ ಅಭಿಷೇಕ ಮಾಡಿಸಬೇಕು. ಆಮೇಲೇ ಯಾತ್ರೆ ಪೂರ್ತಿ" ಎಂದರು. ಕಳಿಸಿದರೆ ಸಾಲದು, ಆ ಕಡೆಯಿಂದ ಮರಳಿ ಬರಬೇಕು. ನಾನು ನಾಲ್ಕು ದಿನ ನಿದ್ದೆಗೆಟ್ಟು ಕಲಿತದ್ದು ಅಮ್ಮನಿಗೆ ಮೊದಲೇ ಗೊತ್ತಿತ್ತು.

ಚೆನ್ನೈಗೆ ಬಂದ ಮೇಲೆ ನಮ್ಮ ತಂಡದ ತುರ್ತು ಕೈಪಿಡಿಯ ಮೊದಲ ಸಾಲು ಬದಲಿಸಿದೆ: ಉತ್ತರ ಬಾರದಿದ್ದರೆ "ಸತ್ತಿದೆ" ಎಂದು ಬರೆಯಬೇಡಿ, "ಗೊತ್ತಿಲ್ಲ" ಎಂದು ಬರೆಯಿರಿ.