ಮಂಡಿಯ ಸದ್ದಿಗೆ ಎಷ್ಟು ಬೆಲೆ?

ನಾಸಿಕದ ಪಕ್ಕದ ದೇವಳಾಲಿ ಕ್ಯಾಂಪ್ ಫಿರಂಗಿ ಶಾಲೆಗೆ ಹೆಸರಾದ ಊರು. ಪ್ರಾದೇಶಿಕ ಸೇನೆಯ 116ನೇ ಪ್ಯಾರಾ ಬೆಟಾಲಿಯನ್ನಿನ ನೆಲೆಯೂ ಹೌದು. ಅಲ್ಲಿಗೆ ಸೇನಾ ಭರ್ತಿಗೆ ಬಂದ ಹುಡುಗರು 1.6 ಕಿ.ಮೀ. ಓಡುವುದಲ್ಲದೆ 9 ಅಡಿಯ ಹಳ್ಳವನ್ನೂ ಜಿಗಿಯಬೇಕು. ಬೆಳಗಾವಿ, ವಿಜಯಪುರದ ಕಡೆಯ ಹುಡುಗರೂ ಅದಕ್ಕಾಗಿ ಬಯಲಲ್ಲಿ ತಾಲೀಮು ನಡೆಸುತ್ತಾರೆ. ಹೀಗೆ ಜಿಗಿದವನ ಕಾಲು ಒಮ್ಮೆ ಜೋರಾಗಿ ನೆಲಕ್ಕೆ ಬಡಿದು, ಮರುದಿನ ಎದ್ದು ಕೂರುವಾಗ ಮಂಡಿ ಲಟಕ್ ಎಂದಿತೋ, ‘ಕೀಲು ಸವೆಯಿತು’ ಎಂಬ ತೀರ್ಪು ಮನೆಯಲ್ಲೇ ಹೊರಬೀಳುತ್ತದೆ. ಆದರೆ ಸದ್ದೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ. ಅದು ಯಾವಾಗ ಬಂತು, ಜೊತೆಯಲ್ಲಿ ಏನನ್ನು ತಂದಿತು ಎಂಬುದೇ ಮುಖ್ಯ.

ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಮೂಡಿದರೂ ಸದ್ದಾಗುತ್ತದೆ. ಬೆರಳಿನ ನೆಟಿಗೆ ಮುರಿಯುವಾಗ ಹೀಗಾಗುವುದನ್ನು ಕೆನಡಾದ ಸಂಶೋಧಕರು 2015ರಲ್ಲಿ ಎಂಆರ್‌ಐನಲ್ಲಿ ಕಂಡರು. ಮಂಡಿಚಿಪ್ಪು ತನ್ನ ಜಾಡಿನಲ್ಲಿ ಸರಿಯುವಾಗಲೂ ಕರಕರ ಎನ್ನಬಹುದು. ನೋವೇ ಇಲ್ಲದ ಎಷ್ಟೋ ಮಂಡಿಗಳು ಸದ್ದು ಮಾಡುತ್ತವೆ. ಹಾಗಾದರೆ ಸದ್ದು ಮುಂದಿನ ಸಂಧಿವಾತದ ಸೂಚನೆಯಲ್ಲವೇ ಎಂದು ಕೇಳಬಹುದು. ಮಂಡಿ ಮೇಲಿಂದ ಮೇಲೆ ಸದ್ದು ಮಾಡುವವರಲ್ಲಿ ಮುಂದೆ ನೋವಿನ ಸಂಧಿವಾತ ಹೆಚ್ಚೆಂದು ಅಮೆರಿಕದ ಅಧ್ಯಯನವೊಂದು ಕಂಡುಕೊಂಡದ್ದು ನಿಜ. ಆದರೆ ಅದು ನಲವತ್ತೈದು ದಾಟಿದವರ ಕತೆ, ಹೀಗೆ ನೋವಿಗೆ ತಿರುಗಿದ ಮಂಡಿಗಳಲ್ಲಿ ಹೆಚ್ಚಿನವು ಎಕ್ಸ್‌ರೇಯಲ್ಲಿ ಮೊದಲೇ ಸವೆತ ತೋರಿದ್ದವು. ಇಪ್ಪತ್ತರ ಹುಡುಗನಿಗೆ ಅದನ್ನು ಹಾಗೇ ಅನ್ವಯಿಸಲಾಗದು. ಹೆದರಿದರೆ ನಷ್ಟವೇನು ಎಂಬ ಮಾತಿಗೂ ಉತ್ತರವಿದೆ: ಹೆದರಿದವನು ನಡಿಗೆ ಬಿಡುತ್ತಾನೆ, ತೊಡೆಯ ಸ್ನಾಯು ಸೊರಗುತ್ತದೆ, ಮಂಡಿಯ ಆಸರೆಯೇ ಕುಸಿಯುತ್ತದೆ.

ನೆಲಕ್ಕೆ ಬಡಿದ ಕ್ಷಣದಲ್ಲೇ ‘ಟಪ್’ ಎಂದು ಕೇಳಿದ ಸದ್ದಿನ ಮಾತು ಬೇರೆ. ಅದರ ಹಿಂದೆಯೇ ಕೆಲವು ಗಂಟೆಗಳಲ್ಲಿ ಮಂಡಿ ಬಾತರೆ ಕೀಲಿನೊಳಗೆ ರಕ್ತ ಸೇರಿರಬಹುದು. ಮುಂಭಾಗದ ಅಸ್ಥಿರಜ್ಜು ಹರಿದಾಗ ಹೀಗಾಗುವುದು ಸಾಮಾನ್ಯ. ಮಂಡಿ ಮಡಿಸಿದಲ್ಲೇ ಸಿಕ್ಕಿಕೊಂಡರೆ ಒಳಗಿನ ಮೆತ್ತೆಯಂಥ ಮೃದ್ವಸ್ಥಿಯ ಮೇಲೆ ಅನುಮಾನ ಬರುತ್ತದೆ. ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲಾಗದಿದ್ದರೆ, ಮಂಡಿ 90 ಡಿಗ್ರಿ ಮಡಚದಿದ್ದರೆ ಎಕ್ಸ್‌ರೇ ಬೇಕೆನ್ನುತ್ತದೆ ವೈದ್ಯರು ಬಳಸುವ ಒಟ್ಟಾವಾ ನಿಯಮ. ಎಕ್ಸ್‌ರೇ ಮೂಳೆಯನ್ನಷ್ಟೇ ಸರಿಯಾಗಿ ತೋರಿಸುತ್ತದೆ, ಹರಿದ ರಜ್ಜುವನ್ನಲ್ಲ. ಹಾಗಾಗಿ ‘ಎಕ್ಸ್‌ರೇ ಚೆನ್ನಾಗಿದೆ’ ಎಂದು ಮರಳಿ ಜಿಗಿಯಹೊರಡುವುದೂ ತಪ್ಪೇ. ಇಂಥ ಪೆಟ್ಟು ತಪ್ಪಲು ಇಳಿಯುವ ಬಗೆಯೂ ಮುಖ್ಯ. ಪ್ಯಾರಾಚೂಟ್ ಸೈನಿಕರಿಗೆ ಕಲಿಸುವುದು ಮಂಡಿ ಜೋಡಿಸಿ, ತುಸು ಬಗ್ಗಿಸಿ, ಪಾದದಿಂದ ಮೀನಖಂಡ, ತೊಡೆ, ಬೆನ್ನಿನವರೆಗೆ ಏಟು ಹಂಚಿಕೊಂಡು ಉರುಳುವುದನ್ನೇ. ಭರ್ತಿಗೆ ತಯಾರಾಗುವ ಹುಡುಗರು ಓಟದಷ್ಟೇ ಇಳಿಯುವುದನ್ನೂ ಕಲಿಯಲಿ. ನೋವಿಲ್ಲದ ಸದ್ದನ್ನು ಅದರ ಪಾಡಿಗೆ ಬಿಡಲಿ. ಸದ್ದಿಲ್ಲದಿದ್ದರೂ ಬಾತ ಮಂಡಿಯನ್ನು ಮಾತ್ರ ಅಂದೇ ವೈದ್ಯರಿಗೆ ತೋರಿಸಲಿ.